ಟರ್ಮಿನಲ್‌ನಲ್ಲಿ ನಕಲು ಮತ್ತು ಅಂಟಿಸುವಿಕೆ: ಕೀಲಿಗಳನ್ನು ಬದಲಿಸುವ ಮುನ್ನ

ವರ್ಡ್‌ನಲ್ಲಿಯೋ ಬ್ರೌಸರ್‌ನಲ್ಲಿಯೋ ಕೆಲಸ ಮಾಡಿ ಪಳಗಿದ ಬೆರಳುಗಳಿಗೆ ಕಂಟ್ರೋಲ್-ಸಿ ಎಂದರೆ ನಕಲು, ಕಂಟ್ರೋಲ್-ವಿ ಎಂದರೆ ಅಂಟಿಸುವಿಕೆ. ಇದೇ ಅಭ್ಯಾಸವನ್ನು ಲಿನಕ್ಸ್ ಟರ್ಮಿನಲ್‌ಗೆ ಕೊಂಡೊಯ್ದವರಿಗೆ ಮೊದಲ ದಿನವೇ ಪೆಟ್ಟು ಬೀಳುವುದುಂಟು. ಎರಡು ಗಂಟೆಗಳಿಂದ ಕಡತಗಳ ವರ್ಗಾವಣೆ ನಡೆದಿದೆ ಎನ್ನಿ. ಪರದೆಯ ಮೇಲಿನ ಒಂದು ಸಾಲನ್ನು ನಕಲಿಸಿಕೊಳ್ಳೋಣವೆಂದು ಕಂಟ್ರೋಲ್-ಸಿ ಒತ್ತಿದಿರಿ. ಸಾಲು ನಕಲಾಗಲಿಲ್ಲ, ವರ್ಗಾವಣೆಯೇ ಅರ್ಧಕ್ಕೆ ನಿಂತಿತು.

ಇಲ್ಲಿ ಕೀಲಿಮಣೆ ಕೆಟ್ಟಿಲ್ಲ, ತಂತ್ರಾಂಶದಲ್ಲಿ ದೋಷವೂ ಇಲ್ಲ. ಟರ್ಮಿನಲ್‌ನಲ್ಲಿ ಆ ಕೀಲಿಜೋಡಿಗೆ ಬೇರೆಯೇ ಕೆಲಸವಿದೆ, ಮತ್ತು ಅದು ನಕಲಿಗಿಂತ ಹಳೆಯದು.

ಮೊದಲು ಬಂದವರಾರು?

ಇಂದು ನಾವು ಟರ್ಮಿನಲ್ ಎಂದು ಕರೆಯುವ ಕಿಟಕಿ ವಾಸ್ತವವಾಗಿ ಒಂದು ಅನುಕರಣೆ. ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ 1978ರಲ್ಲಿ ಹೊರತಂದ ವಿಟಿ-100ರಂತಹ ಪರದೆ-ಕೀಲಿಮಣೆಗಳ ಯಂತ್ರವನ್ನು ಅದು ಅನುಕರಿಸುತ್ತದೆ. ಆ ಯಂತ್ರದಲ್ಲಿ ಕಂಟ್ರೋಲ್ ಜೊತೆಗೆ ಒಂದು ಅಕ್ಷರವನ್ನು ಒತ್ತಿದರೆ, ಅಕ್ಷರಮಾಲೆಯಲ್ಲಿ ಅದರ ಸ್ಥಾನದ ಸಂಖ್ಯೆ ಗಣಕಕ್ಕೆ ಹೋಗುತ್ತಿತ್ತು. ಸಿ ಮೂರನೆಯದು, ಆದ್ದರಿಂದ 3. ಈ ಸಂಖ್ಯೆ ಬಂದೊಡನೆ ನಡೆಯುತ್ತಿರುವ ಕಾರ್ಯವನ್ನು ನಿಲ್ಲಿಸಬೇಕೆಂಬ ರೂಢಿ ಯುನಿಕ್ಸ್ ವಂಶದ ವ್ಯವಸ್ಥೆಗಳಲ್ಲಿ ನೆಲೆಗೊಂಡಿತು, ಲಿನಕ್ಸ್‌ಗೂ ಬಂದಿತು.

ನಕಲು ಮತ್ತು ಅಂಟಿಸುವಿಕೆಯ ಕಲ್ಪನೆ 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾಲಯದಲ್ಲಿ ರೂಪುಗೊಂಡಿತು. ಅದರ ಶಿಲ್ಪಿಗಳಲ್ಲಿ ಪ್ರಮುಖರಾದ ಲ್ಯಾರಿ ಟೆಸ್ಲರ್ 2020ರಲ್ಲಿ ನಿಧನರಾದರು. ಸಿ, ವಿ ಕೀಲಿಗಳನ್ನು ಜನಪ್ರಿಯಗೊಳಿಸಿದ್ದು ಆಪಲ್. ಆದರೆ ಆಪಲ್ ಈ ಕೆಲಸಕ್ಕೆ ಕಮ್ಯಾಂಡ್ ಎಂಬ ಪ್ರತ್ಯೇಕ ಕೀಲಿಯನ್ನೇ ಇಟ್ಟಿತು. ಹಾಗಾಗಿ ಮ್ಯಾಕ್ ಬಳಕೆದಾರರಿಗೆ ಇಂದಿಗೂ ಈ ತಕರಾರಿಲ್ಲ: ಕಮ್ಯಾಂಡ್-ಸಿ ನಕಲಿಸುತ್ತದೆ, ಕಂಟ್ರೋಲ್-ಸಿ ನಿಲ್ಲಿಸುತ್ತದೆ. ವಿಂಡೋಸ್ ಮತ್ತು ಲಿನಕ್ಸ್ ಎರಡೂ ಹೊಣೆಗಳನ್ನು ಒಂದೇ ಕಂಟ್ರೋಲ್‌ನ ಹೆಗಲಿಗೆ ಹೊರಿಸಿದವು. ನಮ್ಮ ಕಷ್ಟದ ಮೂಲ ಅಲ್ಲಿದೆ.

ಶಿಫ್ಟ್ ಏಕೆ?

ಲಿನಕ್ಸ್‌ನ ಗ್ನೋಮ್ ಟರ್ಮಿನಲ್, ಕೆಡಿಇಯ ಕಾನ್ಸೋಲ್ ಮುಂತಾದವುಗಳಲ್ಲಿ ನಕಲಿಗೆ ಕಂಟ್ರೋಲ್-ಶಿಫ್ಟ್-ಸಿ, ಅಂಟಿಸಲು ಕಂಟ್ರೋಲ್-ಶಿಫ್ಟ್-ವಿ ಎಂದು ಗೊತ್ತುಪಡಿಸಲಾಗಿದೆ. ಇದು ಮನಬಂದಂತೆ ಆರಿಸಿದ್ದಲ್ಲ. ಹಳೆಯ ಟರ್ಮಿನಲ್ ಸಂಪ್ರದಾಯದಲ್ಲಿ ಕಂಟ್ರೋಲ್-ಸಿ ಮತ್ತು ಕಂಟ್ರೋಲ್-ಶಿಫ್ಟ್-ಸಿ ಎರಡಕ್ಕೂ ಒಂದೇ ಸಂಖ್ಯೆ. ಒಳಗೆ ಓಡುವ ತಂತ್ರಾಂಶಕ್ಕೆ ಇವೆರಡರ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲವಾದ್ದರಿಂದ ಶಿಫ್ಟ್ ಸೇರಿದ ಜೋಡಿ ಯಾರ ಸ್ವತ್ತೂ ಆಗಿರಲಿಲ್ಲ. ಟರ್ಮಿನಲ್ ಕಿಟಕಿ ಅದನ್ನು ತನ್ನದಾಗಿಸಿಕೊಂಡಿತು. ಒಂದು ಕಿರುಕುಳ ಮಾತ್ರ ಉಳಿದಿದೆ. ಈ ಅಭ್ಯಾಸ ಕೈಗೆ ಹತ್ತಿದವರು ಕ್ರೋಮ್‌ನಲ್ಲಿಯೂ ಕಂಟ್ರೋಲ್-ಶಿಫ್ಟ್-ಸಿ ಒತ್ತುತ್ತಾರೆ. ಅಲ್ಲಿ ನಕಲಿನ ಬದಲು ಪುಟದ ಒಳರಚನೆ ತೋರಿಸುವ ಸಾಧನ ತೆರೆದುಕೊಳ್ಳುತ್ತದೆ.

ಬದಲಿಸುವ ವಿಧಾನ

ಗ್ನೋಮ್ ಟರ್ಮಿನಲ್‌ನಲ್ಲಿ ಪ್ರಿಫರೆನ್ಸಸ್ ತೆರೆದು ಶಾರ್ಟ್‌ಕಟ್ಸ್ ವಿಭಾಗಕ್ಕೆ ಹೋಗಿ. ಕಾಪಿ ಎಂಬುದರ ಎದುರಿನ ಕೀಲಿಜೋಡಿಯ ಮೇಲೆ ಕ್ಲಿಕ್ ಮಾಡಿ, ನಿಮಗೆ ಬೇಕಾದ ಹೊಸ ಜೋಡಿಯನ್ನು ಒತ್ತಿದರೆ ಸಾಕು. ಕೆಡಿಇಯ ಕಾನ್ಸೋಲ್‌ನಲ್ಲಿ ಸೆಟ್ಟಿಂಗ್ಸ್ ಮೆನುವಿನ ಕೀಬೋರ್ಡ್ ಶಾರ್ಟ್‌ಕಟ್‌ಗಳ ಆಯ್ಕೆಯಲ್ಲಿ ಇದೇ ಕೆಲಸ ಆಗುತ್ತದೆ. ದೂರದ ಸರ್ವರ್‌ಗಳಿಗೆ ಪುಟ್ಟಿ ಬಳಸುವವರು ತಿಳಿದಿರಬೇಕಾದ ಸಂಗತಿ: ಅಲ್ಲಿ ಮೌಸ್‌ನಿಂದ ಪಠ್ಯವನ್ನು ಆಯ್ದರೆ ನಕಲಾದಂತೆಯೇ, ಬಲಗುಂಡಿ ಒತ್ತಿದರೆ ಅಂಟಿದಂತೆಯೇ. ಕಂಟ್ರೋಲ್-ಶಿಫ್ಟ್ ಜೋಡಿ ಬೇಕಿದ್ದರೆ ವಿಂಡೋ ವರ್ಗದಡಿಯ ಸೆಲೆಕ್ಷನ್ ಪುಟದಲ್ಲಿ ಅದನ್ನು ಚಾಲನೆಗೊಳಿಸಬಹುದು.

ಇನ್ನು ಬಹುತೇಕರ ಆಸೆ ಒಂದೇ: ಶಿಫ್ಟ್ ಬೇಡ, ಬರಿಯ ಕಂಟ್ರೋಲ್-ಸಿ ಸಾಕು. ಇಲ್ಲಿ ಎಚ್ಚರ ಅಗತ್ಯ. ಆ ಜೋಡಿಯನ್ನು ಸಂಪೂರ್ಣವಾಗಿ ನಕಲಿಗೆ ಬಿಟ್ಟುಕೊಟ್ಟರೆ, ಕೈಮೀರಿ ಓಡುತ್ತಿರುವ ಕಾರ್ಯವನ್ನು ನಿಲ್ಲಿಸುವ ಸುಲಭದ ದಾರಿ ಮುಚ್ಚಿಹೋಗುತ್ತದೆ. ತಪ್ಪು ಕಡತಕೋಶದ ಮೇಲೆ ಅಳಿಸುವ ಆದೇಶ ಕೊಟ್ಟು, ಗಾಬರಿಯಿಂದ ಕಂಟ್ರೋಲ್-ಸಿ ಒತ್ತಿದಾಗ ಏನೂ ಆಗದಿದ್ದರೆ ಬೆಲೆ ತೆರಬೇಕಾದವರು ನೀವೇ.

ಮಧ್ಯಮ ಮಾರ್ಗವೊಂದಿದೆ. ಪಠ್ಯ ಆಯ್ಕೆಯಾಗಿದ್ದರೆ ನಕಲು, ಇಲ್ಲವಾದರೆ ನಿಲುಗಡೆ. 2020ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ವಿಂಡೋಸ್ ಟರ್ಮಿನಲ್ ಹೀಗೆಯೇ ವರ್ತಿಸುತ್ತದೆ. ಕಿಟ್ಟಿ ಎಂಬ ಟರ್ಮಿನಲ್‌ನಲ್ಲಿ ಇದಕ್ಕೆಂದೇ 'ಕಾಪಿ ಆರ್ ಇಂಟರಪ್ಟ್' ಎಂಬ ಕ್ರಿಯೆ ಇದೆ. ಸಂರಚನಾ ಕಡತದಲ್ಲಿ ಅದನ್ನು ಕಂಟ್ರೋಲ್-ಸಿಗೆ ಜೋಡಿಸಬೇಕು. ಅನುಕೂಲವೇನೋ ಹೌದು, ಆದರೆ ಆಯ್ದ ಪಠ್ಯ ಎಲ್ಲಿಯೋ ಉಳಿದಿರುವುದನ್ನು ಮರೆತರೆ ನಿಲ್ಲಿಸಲು ಒತ್ತಿದ್ದು ನಕಲಿಸಿ ಸುಮ್ಮನಾಗುತ್ತದೆ. ಅನ್ಯರ ಸರ್ವರ್‌ಗಳಲ್ಲಿ, ಹಲವು ಯಂತ್ರಗಳಲ್ಲಿ ದುಡಿಯುವವರು ಶಿಫ್ಟ್‌ಗೆ ಒಗ್ಗಿಕೊಳ್ಳುವುದೇ ಲೇಸೆಂಬುದು ಈ ವರದಿಗಾರನ ಅಭಿಪ್ರಾಯ.

ಬದಲಾವಣೆ ಮಾಡಿದ ಮೇಲೆ ಪರೀಕ್ಷಿಸದೆ ಕೆಲಸಕ್ಕಿಳಿಯಬೇಡಿ. ಲಿನಕ್ಸ್‌ನಲ್ಲಿ ಪಿಂಗ್ ಆದೇಶ ತಾನಾಗಿ ನಿಲ್ಲುವುದಿಲ್ಲ. ಅದನ್ನು ಓಡಲು ಬಿಟ್ಟು, ಏನನ್ನೂ ಆಯ್ಕೆ ಮಾಡದೆ ಕಂಟ್ರೋಲ್-ಸಿ ಒತ್ತಿ, ನಿಂತರೆ ಸರಿ. ನಂತರ ಮತ್ತೆ ಓಡಿಸಿ, ಒಂದು ಸಾಲನ್ನು ಆಯ್ದು ಒತ್ತಿ ನೋಡಿ.

ಇದೇ ಕುಟುಂಬದ ಇನ್ನೆರಡು ಕೀಲಿಗಳೂ ಹೊಸಬರನ್ನು ಕಾಡುತ್ತವೆ. ಕಂಟ್ರೋಲ್-ಝಡ್ ಇಲ್ಲಿ ಹಿಂದಿನ ಸ್ಥಿತಿಗೆ ಮರಳಿಸುವುದಿಲ್ಲ. ನಡೆಯುತ್ತಿರುವ ಕಾರ್ಯವನ್ನು ತಡೆಹಿಡಿದು ಬದಿಗಿಡುತ್ತದೆ. 'ಎಫ್‌ಜಿ' ಎಂಬ ಆದೇಶ ಕೊಟ್ಟರೆ ಅದು ಮರಳಿ ಬರುತ್ತದೆ. ಕಡತ ಉಳಿಸಲೆಂದು ಕಂಟ್ರೋಲ್-ಎಸ್ ಒತ್ತಿದಾಗ ಪರದೆ ಸ್ತಬ್ಧವಾಗಬಹುದು. ಗಣಕ ಕೈಕೊಟ್ಟಿತೆಂದು ಕಿಟಕಿಯನ್ನೇ ಮುಚ್ಚುವವರಿದ್ದಾರೆ. ಕಂಟ್ರೋಲ್-ಕ್ಯೂ ಒತ್ತಿದರೆ ಸಾಕಿತ್ತು.

ಅಪಾಯವಿರುವುದು ಅಂಟಿಸುವಲ್ಲಿ

ನಕಲಿನ ತಪ್ಪಿಗಿಂತ ಅಂಟಿಸುವ ತಪ್ಪು ದುಬಾರಿ. ಅಂತರ್ಜಾಲದ ಪುಟವೊಂದರಿಂದ ನಕಲಿಸಿದ ಆದೇಶದ ಕೊನೆಯಲ್ಲಿ ಸಾಲು ಮುರಿಯುವ ಗುಪ್ತ ಚಿಹ್ನೆಯಿದ್ದರೆ, ನೀವು ಎಂಟರ್ ಒತ್ತುವ ಮೊದಲೇ ಅದು ಜಾರಿಯಾಗಬಹುದು. ಕಣ್ಣಿಗೆ ಒಂದು ಆದೇಶ ತೋರಿಸಿ, ನಕಲಿನಲ್ಲಿ ಇನ್ನೊಂದನ್ನು ಸೇರಿಸುವ ವಂಚಕ ಪುಟಗಳನ್ನು ರಚಿಸುವುದೂ ಸಾಧ್ಯ.

ಇದಕ್ಕೆ ತಡೆಯಾಗಿ, ಅಂಟಿಸಿದ ಪಠ್ಯದ ಆದಿ-ಅಂತ್ಯಗಳಿಗೆ ಟರ್ಮಿನಲ್ ಗುರುತು ಹಾಕಿ ಕಳುಹಿಸುವ ವ್ಯವಸ್ಥೆಯಿದೆ. ಗುರುತು ಕಂಡ ಶೆಲ್, ನೀವು ಎಂಟರ್ ಒತ್ತುವವರೆಗೆ ಏನನ್ನೂ ಜಾರಿಗೊಳಿಸದು. 2020ರ ಡಿಸೆಂಬರ್‌ನಲ್ಲಿ ಬಂದ ಬ್ಯಾಶ್ 5.1ರಿಂದ ಇದು ತಾನಾಗಿಯೇ ಚಾಲ್ತಿಯಲ್ಲಿರುತ್ತದೆ. ಅದಕ್ಕಿಂತ ಹಳೆಯ ಬ್ಯಾಶ್ ಇರುವ ಸರ್ವರ್‌ಗಳಲ್ಲಿ ಈ ರಕ್ಷಣೆಯನ್ನು ನಂಬುವಂತಿಲ್ಲ. ವಿಂಡೋಸ್ ಟರ್ಮಿನಲ್ ಒಂದಕ್ಕಿಂತ ಹೆಚ್ಚು ಸಾಲುಗಳನ್ನು ಅಂಟಿಸುವಾಗ ಎಚ್ಚರಿಕೆ ನೀಡುತ್ತದೆ. ಕಿರಿಕಿರಿಯೆಂದು ಅದನ್ನು ತೆಗೆದುಹಾಕಬೇಡಿ. ಸಂಶಯವಿದ್ದಲ್ಲಿ ಮೊದಲು ಸಾಮಾನ್ಯ ಪಠ್ಯ ಸಂಪಾದಕದಲ್ಲಿ ಅಂಟಿಸಿ, ಓದಿ, ಬಳಿಕ ಟರ್ಮಿನಲ್‌ಗೆ ತನ್ನಿ.

ಕನ್ನಡ ಕಡತಗಳೊಂದಿಗೆ ವ್ಯವಹರಿಸುವವರಿಗೆ ಇನ್ನೊಂದು ಮಾತು. ಟರ್ಮಿನಲ್‌ಗಳು ಪ್ರತಿ ಅಕ್ಷರಕ್ಕೂ ಸಮಾನ ಅಗಲದ ಚೌಕವನ್ನು ಕೊಡುವ ಕಾರಣ ಹಲವು ಟರ್ಮಿನಲ್‌ಗಳಲ್ಲಿ ನಮ್ಮ ಒತ್ತಕ್ಷರಗಳು ಚದುರಿದಂತೆ ಕಾಣುತ್ತವೆ. ಅದು ಕೇವಲ ತೋರಿಕೆಯ ದೋಷ. ಪಠ್ಯವನ್ನು ಪೂರ್ತಿಯಾಗಿ ಆಯ್ದು ಬೇರೆ ಸಂಪಾದಕದಲ್ಲಿ ಅಂಟಿಸಿ ನೋಡಿದರೆ ಅಕ್ಷರಗಳು ಸಾಮಾನ್ಯವಾಗಿ ಸರಿಯಾಗಿಯೇ ಕೂಡಿಕೊಂಡಿರುತ್ತವೆ. ಚೌಕದ ನಡುವೆ ಆಯ್ಕೆ ತುಂಡಾದರೆ ಮಾತ್ರ ಒತ್ತೊಂದು ಹಿಂದೆ ಉಳಿದೀತು. ಆದ್ದರಿಂದ ಕನ್ನಡದ ಸಾಲನ್ನು ಮೂರು ಬಾರಿ ಕ್ಲಿಕ್ ಮಾಡಿ ಇಡಿಯಾಗಿ ಆಯ್ದುಕೊಳ್ಳಿ.