ಅಶನವೋ ಅಂಶವೋ?

ಯಲಹಂಕದ ಕಡೆಯ ಒಂದು ಸರ್ಕಾರಿ ಕಚೇರಿಯ ಕಿಟಕಿ ಮುಂದೆ ನಾವು ನಿಂತಿದ್ದೆವು. ಜೊತೆಗೆ ನಮ್ಮ ಕೇರಿಯ ಅಕ್ಕ, ಅವಳ ಹೆಗಲ ಮೇಲೆ ಕೈಯಿಟ್ಟುಕೊಂಡು ಅವಳ ಗಂಡ. ಬೆಟ್ಟಹಲಸೂರಿನ ಸುತ್ತಿನ ಕಲ್ಲುಕ್ವಾರಿಗಳಲ್ಲಿ ಸುತ್ತಿಗೆ ಹಿಡಿದು ಬದುಕಿದ ಮನುಷ್ಯ ಆತ. ಒಂದು ಕಣ್ಣನ್ನು ಹರೆಯದಲ್ಲೇ ಕಲ್ಲಿನ ಚಕ್ಕೆ ತಿಂದಿತ್ತು. ಇನ್ನೊಂದು ಕಣ್ಣು, ಒಳಗಿನ ಒತ್ತಡ ಹೆಚ್ಚಿ, ಎಣ್ಣೆ ತೀರಿದ ದೀಪದ ಹಾಗೆ ವರ್ಷದಿಂದ ವರ್ಷಕ್ಕೆ ಮಂಕಾಗಿ ಹೋಯಿತು. ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಿದ್ದರು. ಗುಮಾಸ್ತ ಕಾಗದ ತಿರುವಿ ಹಾಕಿ ಕೇಳಿದ: "ನೀನು ದುಡೀತೀಯಲ್ಲಮ್ಮಾ? ಮತ್ತೆ ಇವರಿಗ್ಯಾಕೆ ಪೆನ್ಷನ್ನು?"

ಅಕ್ಕ ಆರ್.ಟಿ. ನಗರದಲ್ಲಿ ಮೂರು ಮನೆ ಪಾತ್ರೆ ತಿಕ್ಕುತ್ತಾಳೆ. "ನಾನು ದುಡೀದಿದ್ರೆ ಇವರು ಇಷ್ಟು ದಿನ ಬದುಕಿರ್ತಿದ್ರಾ ಸ್ವಾಮಿ?" ಅಂದಳು. ಗುಮಾಸ್ತ ಉತ್ತರ ಕೊಡಲಿಲ್ಲ. ಅವನನ್ನು ಬೈದು ಮನೆಗೆ ಬರುವುದು ಸುಲಭ. ಆದರೆ ಅವನು ಆ ಪ್ರಶ್ನೆಯನ್ನು ಹುಟ್ಟಿಸಿದವನಲ್ಲ. ಅವನ ಬಾಯಿಂದ ಬಂದದ್ದು ಬಹಳ ಹಳೆಯ ಮಾತು. ಅದರ ಬೇರು ಎಲ್ಲಿದೆ ಅಂತ ಹುಡುಕಿಕೊಂಡು ಹೋದರೆ ನಾವು ಮನುವಿನ ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತೇವೆ.

ಮನುಸ್ಮೃತಿಯ 9ನೇ ಅಧ್ಯಾಯದಲ್ಲಿ ಆಸ್ತಿ ಹಂಚಿಕೆಯ ಮಾತಿದೆ. ಹುಟ್ಟುಗುರುಡ, ಕಿವುಡ, ಮೂಗ, ಹುಚ್ಚ, ನಪುಂಸಕ, ಜಾತಿಯಿಂದ ಬಿದ್ದವ, ಇವರಿಗೆ ಪಿತ್ರಾರ್ಜಿತದಲ್ಲಿ ಅಂಶವಿಲ್ಲ. ಅದರ ಮುಂದಿನ ಶ್ಲೋಕವೇ ಹೇಳುತ್ತದೆ: ಆದರೂ ಇವರಿಗೆ ತಿಳಿದವನಾದವನು ತನ್ನ ಶಕ್ತಿಗೆ ತಕ್ಕಂತೆ ಅನ್ನ ಬಟ್ಟೆ ಕೊಡತಕ್ಕದ್ದು. ಅಂದರೆ ಅಂಶ ಇಲ್ಲ, ಅಶನ ಉಂಟು. ಕಣ್ಣಿಲ್ಲದವನು ಮನೆಯೊಳಗೆ ಇರಬಹುದು, ಮನೆ ಮಾತ್ರ ಅವನದಲ್ಲ. ಧೃತರಾಷ್ಟ್ರನ ಕತೆ ಕೇಳಿದ ಮಕ್ಕಳಿಗೂ ಇದು ಗೊತ್ತು. ಹಿರಿಯನಾಗಿ ಹುಟ್ಟಿದರೂ ಕುರುಡ ಅನ್ನುವ ಕಾರಣಕ್ಕೆ ಪಟ್ಟ ತಮ್ಮನಿಗೆ ಹೋಯಿತು.

ಈಗ ನಮ್ಮ ಸರ್ಕಾರ ಬಳಸುವ ಮಾತನ್ನೇ ಬಿಡಿಸಿ ನೋಡಿ. ಮಾಸಾಶನ. ಮಾಸ, ಅಶನ. ತಿಂಗಳ ಕೂಳು. ಸಂವಿಧಾನ ಬಂದರೂ ಪದ ಬದಲಾಗಲಿಲ್ಲ. ನಾವು ಕೇಳುತ್ತಿರುವುದು ಅಂಶವನ್ನ, ಅವರು ಕೊಡುತ್ತಿರುವುದು ಅಶನವನ್ನ. ಜಗಳ ಇರುವುದೇ ಇಲ್ಲಿ.

ಕನ್ನಡ ನಾಡಿನ ದಾನದ ಚರಿತ್ರೆಯನ್ನು ಕೊಂಡಾಡುವವರು ಬಳ್ಳಿಗಾವಿಯ ಹೆಸರು ಹೇಳುತ್ತಾರೆ. 1162ರ ಶಾಸನವೊಂದು ಅಲ್ಲಿನ ಕೋಡಿಮಠವನ್ನು ಹೊಗಳುತ್ತಾ, ದೀನರಿಗೆ, ಅನಾಥರಿಗೆ, ಹೆಳವರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ಅನ್ನ ಸಿಗುತ್ತಿತ್ತು ಎಂದು ಹೇಳುತ್ತದೆ. ಹಸಿದವನಿಗೆ ಅನ್ನ ಹಾಕಿದ್ದನ್ನು ನಾವು ಹೀಗಳೆಯುವುದಿಲ್ಲ. ಹಸಿವು ಏನು ಅಂತ ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ಆ ಪಂಕ್ತಿಯಲ್ಲಿ ಹೊಲೆಗೇರಿಯ ಕುರುಡ ಎಲ್ಲಿ ಕೂತಿದ್ದ, ಕೂರಲು ಬಿಟ್ಟಿದ್ದರೋ ಇಲ್ಲವೋ, ಶಾಸನ ಆ ಮಾತು ಎತ್ತುವುದಿಲ್ಲ. ಶಾಸನ ಕೆತ್ತಿದ ಕಲ್ಲನ್ನು ಒಡೆದು ತಂದವರ ಕಣ್ಣುಗಳ ಲೆಕ್ಕವೂ ಅದರಲ್ಲಿಲ್ಲ.

1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ಸಮ್ಮುಖದಲ್ಲಿ ಮನುಸ್ಮೃತಿ ಸುಟ್ಟುಹೋಯಿತು. ಮರುವರ್ಷ, 1928ರಲ್ಲಿ, ಬ್ರಿಟಿಷ್ ಇಂಡಿಯಾದ ಶಾಸನಸಭೆ ಒಂದು ಕಾಯಿದೆ ಮಾಡಿ, ಕಣ್ಣಿಲ್ಲ ಕಿವಿಯಿಲ್ಲ ಅನ್ನುವ ನೆಪದಲ್ಲಿ ಹಿಂದೂಗಳು ಪಾಲು ತಪ್ಪಿಸುವುದನ್ನು ನಿಲ್ಲಿಸಿತು. ಒಂದರಿಂದ ಇನ್ನೊಂದಾಯಿತು ಅಂತ ನಾವು ಹೇಳುತ್ತಿಲ್ಲ, ಎರಡು ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ ಅನ್ನುತ್ತಿದ್ದೇವೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೇ ಕಲಮು ಅದನ್ನು ದೇಶಕ್ಕೆಲ್ಲ ಖಾಯಂ ಮಾಡಿತು. ಒಳ್ಳೆಯದೇ. ಆದರೆ ಪಾಲು ಕೇಳಲು ನಮ್ಮ ಅಪ್ಪ ತಾತಂದಿರ ಹತ್ತಿರ ಇದ್ದದ್ದಾದರೂ ಏನು? ಕುರುಡ ಮಗನಿಗೂ ಪಾಲಿಲ್ಲ, ಕಣ್ಣಿದ್ದ ಮಗನಿಗೂ ಪಾಲಿಲ್ಲ. ಆ ವಿಷಯದಲ್ಲಿ ಮಾತ್ರ ನಮ್ಮ ಕೇರಿಯಲ್ಲಿ ಸಮಾನತೆ ಮೊದಲಿನಿಂದಲೂ ಇತ್ತು.

ಸಂವಿಧಾನದ 41ನೇ ವಿಧಿ ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವೈಕಲ್ಯ ಬಂದಾಗ ಪ್ರಜೆಗೆ ರಾಜ್ಯದ ನೆರವು ಸಿಗುವಂತೆ ಮಾಡಬೇಕು ಎಂದು ಹೇಳುತ್ತದೆ. ಅಲ್ಲಿ ದಾನದ ಮಾತಿಲ್ಲ, ಹಕ್ಕು ಎಂಬ ಮಾತಿದೆ. ಆದರೆ ಜೊತೆಗೊಂದು ಬಾಲವೂ ಇದೆ: ರಾಜ್ಯದ ಆರ್ಥಿಕ ಶಕ್ತಿಯ ಮಿತಿಯೊಳಗೆ. ಮನುವಿನ 'ಶಕ್ತಿಗೆ ತಕ್ಕಂತೆ' ಇಲ್ಲಿ ಬೇರೆ ಅಂಗಿ ತೊಟ್ಟು ಬಂದು ಕೂತಿದೆ. 37ನೇ ವಿಧಿಯಂತೆ ಇದನ್ನು ಹಿಡಿದು ಕೋರ್ಟಿಗೆ ಹೋಗಿ ಜಾರಿ ಮಾಡಿಸುವ ಹಾಗೂ ಇಲ್ಲ. 7ನೇ ಅನುಸೂಚಿಯಲ್ಲಿ ಅಂಗವಿಕಲರ ಪರಿಹಾರವನ್ನು ರಾಜ್ಯಗಳ ಪಟ್ಟಿಗೆ ಹಾಕಿದರು. ಹಾಗಾಗಿ ಬಹಳ ವರ್ಷ ದೆಹಲಿ ಬೆಂಗಳೂರಿನ ಕಡೆ ಕೈ ತೋರಿಸಿತು, ಬೆಂಗಳೂರು ಖಜಾನೆಯ ಕಡೆ ಕೈ ತೋರಿಸಿತು.

ಕೇಳದೆ ಯಾರೂ ಕೊಟ್ಟಿಲ್ಲ. 1920ರ ಏಪ್ರಿಲಿನಲ್ಲಿ ಬ್ರಿಟನ್ನಿನ ಅಂಧ ಕಾರ್ಮಿಕರು ದೂರದೂರದ ಊರುಗಳಿಂದ ಒಬ್ಬರ ಭುಜ ಒಬ್ಬರು ಹಿಡಿದು ಲಂಡನ್ನಿಗೆ ನಡೆದರು. ಅವರ ಬಾವುಟದ ಮೇಲಿದ್ದದ್ದು: ನ್ಯಾಯ ಬೇಕು, ದಾನ ಬೇಡ. ಅದೇ ವರ್ಷ ಅಲ್ಲಿ ಅಂಧರ ಕಾಯಿದೆ ಬಂತು, 70 ವರ್ಷಕ್ಕೆ ಸಿಗುತ್ತಿದ್ದ ಪಿಂಚಣಿ ಅಂಧರಿಗೆ 50ಕ್ಕೇ ಸಿಕ್ಕಿತು. ಇಲ್ಲಿ, 1980ರ ಮಾರ್ಚಿನಲ್ಲಿ, ದೆಹಲಿಯ ರಸ್ತೆಯಲ್ಲಿ ಹಕ್ಕು ಕೇಳಿ ಹೊರಟ ಅಂಧರ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿದರು. ಲಾಠಿ ಯಾವ ಕಡೆಯಿಂದ ಬರುತ್ತಿದೆ ಅಂತ ಕಾಣದವರ ಮೇಲೆ. ಮರುವರ್ಷ 1981 ವಿಶ್ವಸಂಸ್ಥೆಯ ಅಂಗವಿಕಲರ ವರ್ಷ. ಭಾಷಣಗಳಿಗೆ ಕೊರತೆ ಆಗಲಿಲ್ಲ.

ಕೊನೆಗೆ 1995ರಲ್ಲಿ ಕಾಯಿದೆ ಬಂತು, 1996ರ ಫೆಬ್ರವರಿಯಲ್ಲಿ ಜಾರಿಯಾಯಿತು. 2016ರಲ್ಲಿ ಅದರ ಜಾಗಕ್ಕೆ ಹೊಸ ಕಾಯಿದೆ ಬಂದು 2017ರ ಏಪ್ರಿಲ್ 19ರಿಂದ ನಡೆಯುತ್ತಿದೆ. 7 ಬಗೆಯ ವೈಕಲ್ಯ 21 ಆಯಿತು, ಸರ್ಕಾರಿ ಕೆಲಸದಲ್ಲಿ ನೂರಕ್ಕೆ 3 ಇದ್ದದ್ದು 4 ಆಯಿತು. ಇದನ್ನು ಗಳಿಸಲು ಹೋರಾಡಿದವರಿಗೆ ನಮ್ಮ ನಮಸ್ಕಾರ. ಆದರೆ ಕಣ್ಣಿನ ಅಳತೆಯನ್ನು ಸ್ವಲ್ಪ ನೋಡಿ. ಹಳೆಯ ಕಾಯಿದೆಯಲ್ಲಿ 6/60ಕ್ಕಿಂತ ಹೆಚ್ಚು ಕಾಣದವನು ಅಂಧ. ಅಂದರೆ ನೆಟ್ಟಗಿರುವ ಕಣ್ಣು 60 ಮೀಟರ್ ದೂರದಿಂದ ಓದುವ ಅಕ್ಷರವನ್ನು ಇವನು 6 ಮೀಟರ್ ಹತ್ತಿರ ಬಂದು ಓದಬೇಕು. ಹೊಸ ಕಾಯಿದೆಯಲ್ಲಿ 3/60ಕ್ಕಿಂತ ಕಡಿಮೆ ಕಂಡರೆ ಮಾತ್ರ ಅಂಧ, ಉಳಿದವರು ಮಂದದೃಷ್ಟಿಯವರು. ರಾತ್ರಿ ಕುರುಡನಾಗಿ ಮಲಗಿದವನು ಬೆಳಿಗ್ಗೆ ಗೆಜೆಟ್ಟಿನ ದೆಸೆಯಿಂದ ಅರೆಗಣ್ಣಿನವನಾಗಿ ಎದ್ದ.

ನಮ್ಮ ಭಾವನ ಒಂದು ಕಣ್ಣು ಹೋದಾಗಲೂ ಹೀಗೇ ಆಯಿತು. 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಅನುಸೂಚಿಯಲ್ಲಿ, ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 40 ನಷ್ಟ ಅಂತ ಬರೆದಿತ್ತು. ಅದನ್ನು ಕೊಡಬೇಕಾದವನು ಮಾಲೀಕ. ಕ್ವಾರಿಯಲ್ಲಿ ಮಸ್ಟರ್ ರೋಲಿನಲ್ಲಿ ಹೆಸರೇ ಇಲ್ಲದವನಿಗೆ ಮಾಲೀಕ ಯಾರು? ಮೇಸ್ತ್ರಿ ಐನೂರು ರೂಪಾಯಿ ಕೊಟ್ಟು, "ಊರಿಗೆ ಹೋಗಿ ರೆಸ್ಟು ತಗೊಳಯ್ಯ" ಅಂದನಂತೆ. ಅದೇ ಒಂಟಿ ಕಣ್ಣು 2018ರ ಸರ್ಕಾರಿ ಮಾರ್ಗಸೂಚಿಯ ಕೋಷ್ಟಕದಲ್ಲಿ ನೂರಕ್ಕೆ 30 ಮಾತ್ರ. ಸವಲತ್ತಿನ ಬಾಗಿಲು ತೆರೆಯುವುದು 40ಕ್ಕೆ. ಮಾಲೀಕ ಕೊಡಬೇಕಾದಾಗ 40, ಸರ್ಕಾರ ಕೊಡಬೇಕಾದಾಗ 30. ಕಣ್ಣು ಒಂದೇ.

ಎರಡನೆಯದೂ ಹೋಯಿತು. ಈಗ ಅವನು ಕಾಗದದಲ್ಲೂ ಕುರುಡ. 2021ರ ಜೂನ್ ಒಂದರಿಂದ ವೈಕಲ್ಯದ ಸರ್ಟಿಫಿಕೇಟು ಕಂಪ್ಯೂಟರಿನ ಮೂಲಕವೇ ಆಗಬೇಕು, ಯುಡಿಐಡಿ ಕಾರ್ಡು ಬರಬೇಕು. ಅದಕ್ಕೆ ಆಧಾರ್, ಆಧಾರಿಗೆ ಕಣ್ಣಿನ ಪಾಪೆಯ ಫೋಟೋ. ಕಣ್ಣಿಲ್ಲದವರಿಗೆ ವಿನಾಯಿತಿ ಇದೆ. ಇದೆ ಅನ್ನುವುದು ಯಂತ್ರದ ಮುಂದೆ ಕೂತ ಹುಡುಗನಿಗೆ ಗೊತ್ತಿರಬೇಕಷ್ಟೆ. "ಅಣ್ಣಾ, ಕಣ್ಣು ಅಗಲ ಮಾಡಿ" ಅಂತ ಅವನು ನಾಲ್ಕು ಸಲ ಹೇಳಿದ. ಬ್ಯಾಂಕಿನಲ್ಲಿ, ಹೆಂಡತಿಯ ಹೆಸರು ಸೇರಿಸದೆ ಖಾತೆ ಆಗಲ್ಲ ಅಂದರು. ಕಣ್ಣಿಲ್ಲ ಅನ್ನುವ ಕಾರಣಕ್ಕೆ ಬ್ಯಾಂಕಿನ ಸೌಲಭ್ಯ ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕು 2008ರಲ್ಲೇ ಸುತ್ತೋಲೆ ಹೊರಡಿಸಿದೆ. ನಾವು ಅದನ್ನು ಅಚ್ಚು ಹಾಕಿಸಿ ತೋರಿಸಿದ ಮೇಲೆ ಖಾತೆ ಆಯಿತು. ಪ್ರತಿಯೊಬ್ಬ ಕುರುಡನ ಜೊತೆ ಸುತ್ತೋಲೆ ಹಿಡಿದ ಒಂದು ಗುಂಪು ಹೋಗಲು ಆಗುತ್ತದೆಯೇ?

ಇಷ್ಟು ದಾಟಿದ ಮೇಲೆ ಸಿಗುವ ಅಶನ ಎಷ್ಟು? 2021ರ ಏರಿಕೆಯ ನಂತರ ನಮ್ಮ ರಾಜ್ಯದಲ್ಲಿ ನೂರಕ್ಕೆ 40ರಿಂದ 75ರ ವೈಕಲ್ಯಕ್ಕೆ ತಿಂಗಳಿಗೆ 800 ರೂಪಾಯಿ, 75ಕ್ಕೆ ಮೀರಿದರೆ 1400. ಅದೇ ಏರಿಕೆಯಲ್ಲಿ ವಿಧವೆಯರಿಗೆ 800, ಮುದುಕರ ಸಂಧ್ಯಾ ಸುರಕ್ಷೆಗೆ 1200 ಆಯಿತು. 2016ರ ಕಾಯಿದೆಯ 24ನೇ ಕಲಮು ಹೇಳುವುದೇನು? ಬೇರೆಯವರಿಗೆ ಇರುವ ಅಂಥದೇ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ ನೂರಕ್ಕೆ 25 ಹೆಚ್ಚು ಕೊಡಬೇಕು. 1200ಕ್ಕೆ ಕಾಲುಭಾಗ ಕೂಡಿಸಿದರೆ 1500. ವಿಧವೆಯ 800ಕ್ಕೆ ಕೂಡಿಸಿದರೆ 1000. ಲೆಕ್ಕ ಬಾರದ ನಮ್ಮಂಥವರಿಗೂ ಇದು ತಿಳಿಯುತ್ತದೆ. ಮುದುಕರಿಗೆ, ವಿಧವೆಯರಿಗೆ ಹೆಚ್ಚಾಯಿತು ಅನ್ನುವ ಹೊಟ್ಟೆಕಿಚ್ಚು ನಮಗಿಲ್ಲ, ಅವರೂ ನಮ್ಮ ತಾಯಂದಿರೇ. ಕಾಯಿದೆ ಬರೆದವರೇ ಕಾಯಿದೆ ಓದಲಿಲ್ಲ ಅನ್ನುವುದು ನಮ್ಮ ತಕರಾರು. ಇನ್ನು ದೆಹಲಿಯ ಪಾಲು. 2009ರಲ್ಲಿ ಇಂದಿರಾ ಗಾಂಧಿ ಹೆಸರಿನಲ್ಲಿ ಶುರುವಾದ ಪಿಂಚಣಿ 200 ರೂಪಾಯಿ. 2012ರಲ್ಲಿ 300 ಆದದ್ದು ಹತ್ತು ವರ್ಷ ಕಳೆದರೂ 300 ಆಗಿಯೇ ಕೂತಿತ್ತು. ಅದೂ ನೂರಕ್ಕೆ 80 ವೈಕಲ್ಯ ಇದ್ದು, ಬಡತನದ ರೇಖೆಯ ಕೆಳಗಿದ್ದರೆ.

ಈಗ ಮತ್ತೆ ಆ ಕಿಟಕಿಗೆ ಬರೋಣ. ರಾಜ್ಯದ ಮಾಸಾಶನಕ್ಕೆ ಕುಟುಂಬದ ವರ್ಷದ ಆದಾಯ 32,000 ರೂಪಾಯಿ ದಾಟಬಾರದು ಅನ್ನುವ ನಿಯಮ ಗುಮಾಸ್ತನ ಮುಂದಿತ್ತು. 365ರಿಂದ ಭಾಗಿಸಿ, ದಿನಕ್ಕೆ 88 ರೂಪಾಯಿಯೂ ಆಗುವುದಿಲ್ಲ. ಆರ್.ಟಿ. ನಗರದ ಮೂರು ಮನೆ ಪಾತ್ರೆ ಗಂಡನ ಎರಡು ಕಣ್ಣಿಗಿಂತ ಭಾರವಾದದ್ದು ಹೀಗೆ. ಹೆಂಡತಿ ಮನೆಯಲ್ಲಿ ಕೂತರೆ ಇವನು ಕುರುಡ, ಹೆಂಡತಿ ಕೆಲಸಕ್ಕೆ ಹೋದರೆ ಇವನು ಕುರುಡನಲ್ಲ. ಅವಳ ಕೂಲಿಯನ್ನು ಪೈಸೆ ಪೈಸೆ ಎಣಿಸುತ್ತಾರೆ. ಬೆಳಿಗ್ಗೆ ಎದ್ದು ನೀರು ಹಿಡಿದು, ಅವನ ಕೈಗೆ ಸಿಗುವ ಹಾಗೆ ತಟ್ಟೆ, ಚೊಂಬು, ಬಟ್ಟೆ ಇಟ್ಟು, ಆಮೇಲೆ ಹೆಬ್ಬಾಳದ ಬಸ್ಸು ಹತ್ತುವುದನ್ನು ಯಾರೂ ಎಣಿಸುವುದಿಲ್ಲ. ನೋಡಿಕೊಳ್ಳುವವರಿಗೂ ಭತ್ಯೆ ಕೊಡಬಹುದು ಎಂದು 24ನೇ ಕಲಮಿನಲ್ಲೇ ಇದೆ. 2024-25ರ ಬಜೆಟ್ಟಿನಲ್ಲಿ ನಮ್ಮ ರಾಜ್ಯ ತಿಂಗಳಿಗೆ 1000 ರೂಪಾಯಿ ಘೋಷಿಸಿತು, ಸೆರೆಬ್ರಲ್ ಪಾಲ್ಸಿ, ಪಾರ್ಕಿನ್ಸನ್ನಿನಂಥ ನಾಲ್ಕು ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ. ಅವರಿಗೆ ಸಿಗಬೇಕಾದದ್ದೇ. ಕಣ್ಣಿಲ್ಲದವನ ಹೆಂಡತಿ ಆ ಪಟ್ಟಿಯಲ್ಲಿ ಬರಲಿಲ್ಲ. ಅಂಗವಿಕಲರನ್ನು ಮದುವೆಯಾದರೆ 50,000 ರೂಪಾಯಿ ಪ್ರೋತ್ಸಾಹಧನ ಉಂಟು. ನಮ್ಮಕ್ಕ ಮದುವೆಯಾದದ್ದು ಕಣ್ಣಿದ್ದ ಗಂಡನ್ನು, ತಪ್ಪು ಅವಳದೇ!

ಹಣ ಕೊಡಲು ಇಷ್ಟು ಎಣಿಸುವವರು ಹೆಸರು ಕೊಡುವಾಗ ಧಾರಾಳಿಗಳು. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ 'ದಿವ್ಯಾಂಗ' ಎಂಬ ಹೆಸರು ಹೇಳಿದರು, ಮರುವರ್ಷ ಇಲಾಖೆಗೂ ಅದೇ ಹೆಸರಾಯಿತು. ನಮಗೆ ಇದು ಹೊಸದಲ್ಲ. ಕೆರೆಗೆ ಬಿಡದೆ, ಗುಡಿಗೆ ಬಿಡದೆ 'ಹರಿಜನ' ಅಂತ ಕರೆಸಿಕೊಂಡವರು ನಾವು. ಆ ಹೆಸರನ್ನು ಬಿಸಾಕಿ ದಲಿತ ಅಂತ ನಮ್ಮನ್ನು ನಾವೇ ಕರೆದುಕೊಂಡೆವು. ಭಾವನನ್ನು ಕೇಳಿದೆವು, ನಿನ್ನನ್ನ ಏನಂತ ಕರೀಬೇಕಪ್ಪಾ ಅಂತ. "ಕಲ್ಲು ಒಡೆಯೋನು ಅನ್ನಿ" ಅಂದ.

ಒಂದೇ ಒಂದು ಕಾಗದದಲ್ಲಿ ಅಕ್ಕ ಲೆಕ್ಕಕ್ಕೆ ಬಂದಿದ್ದಾಳೆ. ಅದು ರೈಲ್ವೆಯದು. ಪೂರ್ತಿ ಕಣ್ಣು ಕಾಣದವನಿಗೆ ಎರಡನೇ ದರ್ಜೆಯಲ್ಲಿ ನೂರಕ್ಕೆ 75 ರಿಯಾಯಿತಿ, ಜೊತೆಗೆ ಬರುವ ಒಬ್ಬರಿಗೂ ಅಷ್ಟೇ ರಿಯಾಯಿತಿ. ಕರೆದುಕೊಂಡು ಹೋಗುವವರಿಲ್ಲದೆ ಅವನ ಪ್ರಯಾಣವಿಲ್ಲ ಅಂತ ರೈಲ್ವೆ ಒಪ್ಪಿಕೊಂಡಿದೆ. ಯಶವಂತಪುರ ಸ್ಟೇಷನ್ನಿನಲ್ಲಿ ಇದನ್ನು ಬಿಡಿಸಿ ಹೇಳಿದಾಗ ಅಕ್ಕ ಚೆನ್ನಾಗಿ ನಕ್ಕಳು. "ಹಂಗಾದ್ರೆ ರೈಲಲ್ಲಿ ಕೂತಿದ್ರೆ ಮಾತ್ರ ನಾನು ಇವರ ಕಣ್ಣು. ಇಳಿದ್ರೆ ಇವರ ಆದಾಯ."

ಆದಾಯದ ಸರ್ಟಿಫಿಕೇಟಿಗೆ ಮತ್ತೆ ಅರ್ಜಿ ಹಾಕಿದ್ದೇವೆ. ಸೋಮವಾರ ಬರಲು ಹೇಳಿದ್ದಾರೆ. ಸೋಮವಾರ ಅಂದರೆ ಅಕ್ಕನಿಗೆ ಮೂರು ಮನೆಯ ರಜೆ, ಮೂರು ಮನೆಯ ಮುಖ.