ಹಬೆಯಾಡುವ ಪಾತ್ರೆಯ ಚಿತ್ರ

ಅಕ್ಷರಸ್ಥೆ ಎಂದರೆ ಯಾರು? ಹೆಬ್ಬೆಟ್ಟು ಒತ್ತದೆ ತನ್ನ ಹೆಸರು ಬರೆಯಬಲ್ಲವಳು ಎಂದು ನಮ್ಮ ಅಜ್ಜಿಯರು ಹೇಳಿಯಾರು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಹುಟ್ಟಿ ಊರೂರಿನಲ್ಲಿ ರಾತ್ರಿಶಾಲೆಗಳು ನಡೆದಾಗಲೂ ಅಳತೆ ಬಹಳ ಬದಲಾಗಲಿಲ್ಲ. ಓದು, ಬರಹ, ಒಂದಿಷ್ಟು ಲೆಕ್ಕ, ಅಷ್ಟೆ. ಈಗ ಅದೇ ಹೆಂಗಸಿನ ಕೈಗೆ ಮೊಬೈಲ್ ಬಂದಿದೆ. ಅದನ್ನು ತೆರೆಯಲು ಮತ್ತೆ ಹೆಬ್ಬೆಟ್ಟೇ ಬೇಕು! ತಮಾಷೆ ಹಾಗಿರಲಿ, ಈ ಹೊಸ ಓದನ್ನು ಅಳೆಯುವುದು ಹೇಗೆಂದು ವಿದ್ವಾಂಸರು ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ತಲೆ ಕೆಡಿಸಿಕೊಂಡಿದ್ದಾರೆ. ಆ ಕಥೆಯಲ್ಲಿ ನಮ್ಮ ಅಡುಗೆಮನೆಯೂ ಬರುತ್ತದೆ ಎಂದರೆ ನೀವು ನಂಬಬೇಕು.

'ಡಿಜಿಟಲ್ ಸಾಕ್ಷರತೆ' ಎಂಬ ಮಾತು ಹೆಸರಾದದ್ದು 1997ರಲ್ಲಿ, ಅಮೆರಿಕದ ಲೇಖಕ ಪಾಲ್ ಗಿಲ್‌ಸ್ಟರ್ ಅದೇ ಹೆಸರಿನ ಪುಸ್ತಕ ಬರೆದಾಗ. ಗುಂಡಿ ಒತ್ತುವುದಲ್ಲ, ತೆರೆಯ ಮೇಲೆ ಕಂಡದ್ದನ್ನು ತೂಗಿ ನೋಡುವುದೇ ಮುಖ್ಯ ಎಂಬುದು ಅವರ ವಾದ. ಆದರೂ ಆಗ ಹೆಚ್ಚಾಗಿ ನಡೆದದ್ದು ಯಂತ್ರಗಳ ಲೆಕ್ಕ. ಯಾರ ಮನೆಯಲ್ಲಿ ಕಂಪ್ಯೂಟರ್ ಇದೆ, ಯಾರ ಮನೆಯಲ್ಲಿ ಇಲ್ಲ. ಒಲೆ ಇದ್ದವರಿಗೆಲ್ಲ ಅಡುಗೆ ಬರುತ್ತದೆ ಎಂದ ಹಾಗೆ!

ಎಸ್ತರ್ ಹರ್ಗಿಟ್ಟಾಯ್ ಎಂಬ ಸಮಾಜಶಾಸ್ತ್ರಜ್ಞೆ ಹಾಗೆ ಮಾಡಲಿಲ್ಲ. ಜನರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಇದನ್ನು ಹುಡುಕಿ, ಅದನ್ನು ಹುಡುಕಿ ಎಂದು ಕೆಲಸ ಕೊಟ್ಟು ಪಕ್ಕದಲ್ಲಿ ಕುಳಿತು ನೋಡಿದರು. ಯಂತ್ರ ಸಿಕ್ಕಿದವರ ನಡುವೆಯೂ ಎರಡನೆಯ ಕಂದಕವೊಂದಿದೆ ಎಂದು 2002ರಲ್ಲಿ ಬರೆದರು. ಸ್ಟೀವನ್ ಶೇಫರ್ ಜೊತೆ 2006ರಲ್ಲಿ ಬರೆದ ಲೇಖನವಂತೂ ನಮಗಾಗಿಯೇ ಬರೆದಂತಿದೆ. ಹುಡುಕುವ ಕೆಲಸದಲ್ಲಿ ಗಂಡಸರಿಗೂ ಹೆಂಗಸರಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಆದರೆ ನಿಮಗೆ ಎಷ್ಟು ಬರುತ್ತದೆ ಎಂದು ಕೇಳಿದರೆ ಹೆಂಗಸರು ತಮಗೆ ತಾವೇ ಕಡಿಮೆ ಅಂಕ ಕೊಟ್ಟುಕೊಂಡಿದ್ದರು!

ಓದಿ ನನಗೆ ನಗು ಬಂತು. ಹತ್ತು ಜನಕ್ಕೆ ಹೋಳಿಗೆ ಮಾಡಿ ಬಡಿಸಿ "ಏನೋ, ಬಂದ ಹಾಗೆ ಮಾಡಿದ್ದೀನಿ" ಎನ್ನುವವರಲ್ಲವೇ ನಾವು? ಆದರೆ ಇದು ನಗುವ ವಿಷಯವಲ್ಲ. ತನಗೆ ಬಾರದು ಎಂದುಕೊಂಡವಳು ಬ್ಯಾಂಕಿನ ಕೆಲಸವನ್ನು ಮಗನಿಗೆ ಒಪ್ಪಿಸುತ್ತಾಳೆ. ಆಮೇಲೆ ತನ್ನ ಖಾತೆಯಲ್ಲಿ ಎಷ್ಟು ದುಡ್ಡಿದೆ ಎಂಬುದನ್ನೂ ಅವನನ್ನೇ ಕೇಳಬೇಕಾಗುತ್ತದೆ.

ಇನ್ನು ಬೆಂಗಳೂರಿಗೆ ಬರೋಣ. 2005ರಲ್ಲಿ ಇಲ್ಲಿ ಶುರುವಾದ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಇಂದ್ರಾಣಿ ಮೇಧಿ ಮತ್ತು ಸಂಗಡಿಗರು ಕೊಳೆಗೇರಿಗಳಿಗೆ ಹೋಗಿ ಮನೆಗೆಲಸದ ಹೆಂಗಸರ ಜೊತೆ ಕುಳಿತರು. ಒಂದು ಅಕ್ಷರವೂ ಇಲ್ಲದೆ, ಚಿತ್ರ ಮತ್ತು ಧ್ವನಿಯಿಂದಲೇ ಕೆಲಸ ಹುಡುಕಿಕೊಳ್ಳುವ ಏರ್ಪಾಡು ಮಾಡುವುದು ಅವರ ಉದ್ದೇಶ. ಸುಮ್ಮನೆ ಪಾತ್ರೆಗಳ ಚಿತ್ರ ಬರೆದರೆ ಅದು ಬರಿಯ ಅಡುಗೆಮನೆ. ಅಲ್ಲಿ ಮಾಡಬೇಕಾದ ಕೆಲಸ ಯಾವುದೆಂದು ಹೊಳೆಯುತ್ತಿರಲಿಲ್ಲ. ನಲ್ಲಿಯಿಂದ ನೀರು ಸುರಿಯಬೇಕು, ಪಾತ್ರೆಯಿಂದ ಹಬೆ ಏಳಬೇಕು. ಆಗ ಪಾತ್ರೆ ತೊಳೆಯುವುದು, ಅಡುಗೆ ಮಾಡುವುದು ಅರ್ಥವಾಯಿತು. ದುಡಿಯುವವಳ ಕಣ್ಣಿಗೆ ವಸ್ತುವಿಗಿಂತ ಕೆಲಸ ಮೊದಲು ಕಾಣುತ್ತದೆ ಎಂದು ನಾನು ಇದನ್ನು ಓದಿಕೊಂಡೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಚಿತ್ರ ತಿಳಿದರೂ, ಕೆಲಸದ ಸುದ್ದಿ ಈ ಪೆಟ್ಟಿಗೆಯೊಳಗೆ ಹೇಗೆ ಬಂದು ಕುಳಿತಿತು ಎಂಬುದೇ ತಿಳಿಯುತ್ತಿರಲಿಲ್ಲ. ನನಗಂತೂ ಇದು ಬಹಳ ಬುದ್ಧಿವಂತ ಪ್ರಶ್ನೆ ಎನಿಸುತ್ತದೆ. ಅದಕ್ಕಾಗಿ ಸಂಶೋಧಕರು ಕಿರುನಾಟಕವೊಂದನ್ನು ವಿಡಿಯೋ ಮಾಡಿದರು. ಕೆಲಸದವರು ಬೇಕಾದ ಯಜಮಾನಿ, ಕೆಲಸ ಬೇಕಾದ ಹೆಂಗಸು, ನಡುವೆ ಈ ಯಂತ್ರ. ಅದನ್ನು ನೋಡಿದವರು ಉಳಿದವರಿಗಿಂತ ಎಷ್ಟೋ ಚೆನ್ನಾಗಿ ಕೆಲಸ ಮುಗಿಸಿದರು. ಓದು ಬಾರದಿದ್ದುದೊಂದೇ ಅಡ್ಡಿಯಾಗಿರಲಿಲ್ಲ; ಯಾರೂ ಅವರಿಗೆ ಪೂರಾ ಕಥೆ ಹೇಳಿರಲೇ ಇಲ್ಲ. ನಮ್ಮ ಮನೆಗೆ ಬರುವಾಕೆ ಹಾಲಿನವನ ನಂಬರಿಗೆ ಹಸುವಿನ ಚಿತ್ರ ಹಾಕಿಕೊಂಡಿದ್ದಾಳೆ. ಆಕೆಗೆ ಇದನ್ನು ಯಾವ ಸಂಶೋಧಕರೂ ಹೇಳಿಕೊಟ್ಟಿಲ್ಲ.

ಎಳೆಯರು ಹುಟ್ಟುತ್ತಲೇ ಇದರಲ್ಲಿ ಪಂಡಿತರು ಎಂಬ ಮಾತೂ 2001ರಿಂದ ಓಡಾಡುತ್ತಿತ್ತು. ಅದೂ ನಿಲ್ಲಲಿಲ್ಲ. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ತೋರಿಸಿದಂತೆ, ಜಾಣ ವಿದ್ಯಾರ್ಥಿಗಳೂ ಇತಿಹಾಸದ ಪಂಡಿತರೂ ಪುಟದ ಅಂದಕ್ಕೆ ಮರುಳಾದರು. ಸುದ್ದಿಯ ಸತ್ಯಾಸತ್ಯ ಪರೀಕ್ಷಿಸುವುದೇ ಕಸುಬಾದವರು ಮಾತ್ರ ಆ ಪುಟ ಬಿಟ್ಟು, ಇದನ್ನು ಬರೆದವರು ಯಾರೆಂದು ಬೇರೆ ಕಡೆ ವಿಚಾರಿಸಿದರು. ಗಂಡು ನೋಡಲು ಹೋದಾಗ ನಾವು ಪಕ್ಕದ ಮನೆಯಲ್ಲಿ ವಿಚಾರಿಸುವುದಿಲ್ಲವೇ, ಹಾಗೆ.

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಹೆಂಗಸರು ನೂರಕ್ಕೆ 33, ಗಂಡಸರು 57. ತಾವೇ ಬಳಸುವ ಮೊಬೈಲ್ ಇದ್ದ ಹೆಂಗಸರು 54. ಉಳಿದವರ ಪಾಲಿಗೆ ಫೋನೆಂದರೆ ಗಂಡನದೋ ಮಗನದೋ.

ತನ್ನದೇ ಇದ್ದರೂ ಅದು ಪೂರ್ತಿ ತನ್ನದಲ್ಲ. ನಿತ್ಯಾ ಸಾಂಬಶಿವನ್ ಮತ್ತು ಸಂಗಡಿಗರು ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲಿ 199 ಜನರನ್ನು ಮಾತಾಡಿಸಿ 2018ರಲ್ಲಿ ಬರೆದ ಲೇಖನದಲ್ಲಿ ಇದೆಲ್ಲ ಇದೆ. ಮನೆಮಂದಿ ಕೇಳಿದಾಗ ಫೋನ್ ಕೊಡದಿರುವಂತಿಲ್ಲ. ಆದ್ದರಿಂದ ಹೆಂಗಸರು ಕೊಡುವ ಮೊದಲು ಒಂದು ಸಂದೇಶ, ಒಂದು ಫೋಟೋ, ಹುಡುಕಿದ ಒಂದು ಮಾತು, ಇಷ್ಟನ್ನೇ ಆರಿಸಿ ಅಳಿಸುತ್ತಾರೆ. ಎಲ್ಲವನ್ನೂ ಅಳಿಸಿದರೆ ಸಂಶಯ ಬರುತ್ತದೆ, ನೋಡಿ. ಯಾವ ತರಗತಿಯಲ್ಲೂ ಕಲಿಸದ ಈ ಜಾಣ್ಮೆಗೂ ವಿದ್ವಾಂಸರ ಲೇಖನದಲ್ಲಿ ಈಗ ಒಂದು ಹೆಸರಿದೆ. ಸಾಸಿವೆ ಡಬ್ಬಿಯಲ್ಲಿ ನೋಟು ಮಡಚಿ ಇಡುತ್ತಿದ್ದ ನಮ್ಮ ಅತ್ತೆಯವರಿಗೆ ಅದನ್ನು ವಿವರಿಸಬೇಕಾಗಿರಲಿಲ್ಲ.