ಐದನೇ ಮನೆಯ ಹಳೆಯ ಬಾಗಿಲು

ಗಣಕಯಂತ್ರಗಳು ಬೇಗ ಹಳತಾಗುತ್ತವೆ. ಅವುಗಳಿಗೆಂದು ಬರೆದ ಪ್ರೋಗ್ರಾಂಗಳು ಅಷ್ಟು ಬೇಗ ಸಾಯುವುದಿಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಕಿಲ್ಡಾಲ್ ರೂಪಿಸಿದ ಸಿಪಿ/ಎಂ ವ್ಯವಸ್ಥೆ ಆ ದಶಕದ ಕೊನೆಗೆ ಪುಟ್ಟ ಗಣಕಗಳಲ್ಲಿ ಮನೆಮಾತಾಗಿತ್ತು. ಕಡತ ತೆರೆಯಬೇಕೆ, ಪರದೆಯ ಮೇಲೆ ಅಕ್ಷರ ಮೂಡಿಸಬೇಕೆ, ಪ್ರೋಗ್ರಾಂ ಆ ಕೆಲಸದ ಸಂಖ್ಯೆ ಹಿಡಿದು ಮೆಮೊರಿಯ 5ನೇ ವಿಳಾಸದ ಬಾಗಿಲು ತಟ್ಟುತ್ತಿತ್ತು. ಪಕ್ಕದ 6ನೇ ವಿಳಾಸದಲ್ಲಿದ್ದ ಸಂಖ್ಯೆಗೆ ಎರಡು ಹೊಣೆ: ಕರೆ ಎಲ್ಲಿಗೆ ಹೋಗಬೇಕೆಂದು ಹೇಳುವುದು, ಬಳಕೆಗೆ ಎಷ್ಟು ಜಾಗವಿದೆಯೆಂದೂ ತಿಳಿಸುವುದು.

1980ರಲ್ಲಿ ಟಿಮ್ ಪ್ಯಾಟರ್ಸನ್ ಹೊಸ 8086 ಪ್ರೊಸೆಸರ್‌ಗೆ ಬರೆದ ವ್ಯವಸ್ಥೆಯೇ ಮುಂದೆ ಎಂಎಸ್-ಡಾಸ್ ಆಯಿತು. ಹಳೆಯ ಪ್ರೋಗ್ರಾಂಗಳ ಸೂಚನೆಗಳನ್ನು ಹೊಸ ಪ್ರೊಸೆಸರಿನ ಭಾಷೆಗೆ ತಿರುಗಿಸುವ ಸಾಧನಗಳಿದ್ದವು. ಆದರೆ 5ನೇ ಬಾಗಿಲೇ ಇಲ್ಲದಿದ್ದರೆ ತಿರುಗಿಸಿ ಫಲವೇನು? ಪ್ಯಾಟರ್ಸನ್ ಹೊಸಬರಿಗೆ ಬೇರೆ ದಾರಿ ಮಾಡಿ, ಹಳಬರಿಗಾಗಿ ಈ ಬಾಗಿಲನ್ನೂ ಉಳಿಸಿದರು. ಕರ್ನಾಟಕದ ಊರೂರುಗಳ ಗಣಕ ತರಗತಿಗಳಲ್ಲಿ ತೊಂಬತ್ತರ ದಶಕದಲ್ಲಿ ಕಲಿಸುತ್ತಿದ್ದ ವರ್ಡ್‌ಸ್ಟಾರ್, ಡಿಬೇಸ್‌ಗಳ ಮೂಲವೂ ಸಿಪಿ/ಎಂ ಕಾಲದ್ದೇ.

ಬಾಗಿಲು ಉಳಿಸಿದ್ದು ಒಂದು ಜಾಣತನದಿಂದ. 8086ಕ್ಕೆ ವಿಳಾಸದ ತಂತಿಗಳು 20. ಎಣಿಸಬಲ್ಲದ್ದು 10,48,576 ಬೈಟ್. ಅದನ್ನು ದಾಟಿದರೆ, ಸ್ಕೂಟರಿನ ಮೈಲಿಮಾಪಕದಂತೆ, ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಸಂಖ್ಯೆ ಎರಡೂ ಹೊಣೆ ಹೊರಬೇಕಾದ್ದರಿಂದ ಕರೆಯನ್ನು ಮೆಮೊರಿಯ ತುದಿಯಿಂದ 192 ಬೈಟ್ ಆಚೆಗೆ ಕಳಿಸಲಾಯಿತು. ಅದು ಸುತ್ತಿ ಬಂದು ಬುಡದ 192ನೇ ವಿಳಾಸದಲ್ಲಿ ಇಳಿಯುತ್ತಿತ್ತು. ವ್ಯವಸ್ಥೆ ಅಲ್ಲೇ ಕಾದಿರುತ್ತಿತ್ತು.

1984ರಲ್ಲಿ ಐಬಿಎಂನ ಪಿಸಿ/ಎಟಿ ಬಂತು. ಅದರ 80286 ಪ್ರೊಸೆಸರ್‌ಗೆ 24 ತಂತಿಗಳು. ಸಾಮರ್ಥ್ಯ ಬೆಳೆದದ್ದೇ ತೊಡಕಾಯಿತು: ಕರೆ ಸುತ್ತಿ ಬರದೆ ನೇರವಾಗಿ ಆಚೆಗೆ ಹೋಗತೊಡಗಿತು. ಈ ಸುತ್ತನ್ನು ನಂಬಿದ ಪ್ರೋಗ್ರಾಂಗಳು ಕೆಡದಿರಲೆಂದು ಐಬಿಎಂ 21ನೇ ತಂತಿಗೊಂದು ಗೇಟು ಹಾಕಿತು. ಸೊನ್ನೆಯಿಂದ ಎಣಿಸುವ ಎಂಜಿನಿಯರುಗಳ ಲೆಕ್ಕದಲ್ಲಿ ಅದು ಎ20. ಗೇಟಿನ ಕೀಲಿ ಇಟ್ಟದ್ದು ಕೀಲಿಮಣೆಯನ್ನು ನೋಡಿಕೊಳ್ಳುವ ಚಿಪ್ಪಿನ ಕೈಯಲ್ಲಿ! ಮೆಮೊರಿಗೂ ಕೀಲಿಮಣೆಗೂ ನಂಟೇನೂ ಇರಲಿಲ್ಲ. ಆ ಚಿಪ್ಪಿನ ಒಂದು ಕಾಲು ಖಾಲಿಯಿತ್ತು, ಅಷ್ಟೇ.

ಬೆಲೆ ತೆತ್ತವರು ಮುಂದಿನವರು. ದೊಡ್ಡ ಮೆಮೊರಿ ಬೇಕಾದ ವ್ಯವಸ್ಥೆಗಳೆಲ್ಲ ಮೊದಲು ಆ ನಿಧಾನದ ಚಿಪ್ಪನ್ನು ಕೇಳಿ ಗೇಟು ತೆಗೆಸಬೇಕಾಯಿತು. ತಯಾರಕರು ಬೇರೆ ಬೇರೆ ಅಡ್ಡದಾರಿಗಳನ್ನು ಕಂಡುಕೊಂಡಾಗ ಗೊಂದಲ ಇನ್ನಷ್ಟು ಹೆಚ್ಚಿತು. ಇಂಟೆಲ್‌ನ ಹೊಸ ಪ್ರೊಸೆಸರ್‌ಗಳಲ್ಲಿ ಆ ಗೇಟೇ ಇಲ್ಲ. ಆದರೂ ಲಿನಕ್ಸ್ ಹಳೆಯ ರೀತಿಯಲ್ಲಿ ಎದ್ದೇಳುವಾಗ ಎ20 ತೆರೆದಿದೆಯೇ ಎಂದು ಒಮ್ಮೆ ತಡವಿ ನೋಡುತ್ತದೆ.